ಮೊದಲಿನ ಹಾಗೆ

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಕಾರಣ ಹೆಂಡತಿ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಆಡಿದ ಒಂದು ಮಾತು. ಬೇರೆ ಗಂಡಂದಿರಾದರೆ ಅಂಥ ಮಾತನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ. ಸುತ್ತಪ್ಪ ಅದನ್ನು ಎತ್ತಿಕೊಂಡು ಎದೆಗೆ ಅವಚಿಕೊಂಡ.

ಸುತ್ತಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಸುಟ್ಟುಹೋದ ಫ್ಯಾನು, ಮಿಕ್ಸಿ, ಪಂಪುಗಳ ಮೋಟರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಅದು ಒಂದು ಕಾರಣ. ಯಾವ ವಿಷಯವನ್ನೂ ನೇರವಾಗಿ ಹೇಳದೆ ಸುತ್ತಿ ಬಳಸಿ ಹೇಳುವುದು ಅವನ ಸ್ವಭಾವ. ಅದು ಇನ್ನೊಂದು ಕಾರಣ. ನಿಮ್ಮ ಮಿಕ್ಸಿ ಇನ್ನೂ ರಿಪೇರಿ ಆಗಿಲ್ಲ ಎನ್ನಬೇಕಾದರೂ ಅವನು ಗಿರಾಕಿಯ ಮಕ್ಕಳ ಓದಿನಿಂದ ಶುರು ಮಾಡುತ್ತಿದ್ದ.

ಹೆಂಡತಿ ಅದಕ್ಕೆ ತದ್ವಿರುದ್ಧ. ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ ಅವಳದು. ‘ಇದು ಕಾಣುತ್ತಾ, ಇಲ್ವಾ’ ಎಂಬ ಎರಡೇ ಪ್ರಶ್ನೆಯಲ್ಲಿ ಜನರನ್ನು ಮುಗಿಸಿ ಕಳಿಸುವವಳು. ಆದರೆ ಇಪ್ಪತ್ತಾರು ವರ್ಷದ ಹಿಂದೆ ಅವಳು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳು. ಊರಿನ ಸಭಾಭವನದ ವೇದಿಕೆಯ ಮೇಲೆ ಒಂದು ಸಂಜೆ ನುಡಿಸಿದ್ದೇ ಕೊನೆ, ಅದೇ ರಾತ್ರಿ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಆ ಸಂಜೆ ಮೂರನೇ ಸಾಲಿನಲ್ಲಿ ಕೂತು ಕೇಳಿದ್ದೆ, ಕೇಳಿದ್ದೇ ಮನಸ್ಸು ಸೋತೆ ಎಂದು ಸುತ್ತಪ್ಪ ಇವತ್ತಿಗೂ ಸಿಕ್ಕವರಿಗೆಲ್ಲ ಹೇಳುತ್ತಾನೆ. ಅವನು ಸುತ್ತಿ ಬಳಸದೆ ಹೇಳುವ ಮಾತು ಅದೊಂದೇ.

ಈಗ ಆ ಸಭಾಭವನಕ್ಕೆ ಐವತ್ತು ವರ್ಷ ತುಂಬಿತ್ತು. ಹಿಂದೆ ಅಲ್ಲಿ ಹಾಡಿದವರು, ನುಡಿಸಿದವರು ಎಲ್ಲರೂ ಬಂದು ಐದೈದು ನಿಮಿಷ ಕಾರ್ಯಕ್ರಮ ಕೊಡಬೇಕೆಂದು ಕಾರ್ಯದರ್ಶಿ ನಾಲ್ಕು ಸಲ ಫೋನು ಮಾಡಿದ್ದರು. ನೋಡುವುದಕ್ಕೆ ಬರುತ್ತೇನೆ, ನುಡಿಸುವುದಕ್ಕಲ್ಲ ಎಂದು ಅವಳು ನಾಲ್ಕು ಸಲವೂ ಹೇಳಿದ್ದಳು. ಕಾರ್ಯಕ್ರಮದ ದಿನ ಬೆಳಿಗ್ಗೆ ಮಾತ್ರ, ಚಪ್ಪಲಿ ಮೆಟ್ಟುತ್ತಾ, ಗಿಟಾರಿನ ಪೆಟ್ಟಿಗೆಯಿದ್ದ ಅಟ್ಟದ ಕಡೆ ಒಮ್ಮೆ ನೋಡಿದಳು.

“ಅದರ ದನಿ ಮೊದಲಿನ ಹಾಗೆ ಇದ್ದಿದ್ರೆ ನುಡಿಸ್ತಿದ್ದೆ ರೀ. ಹೋಗ್ಲಿ ಬಿಡಿ.”

ಇಷ್ಟು ಹೇಳಿ ಅವಳು ಬಾಗಿಲಲ್ಲಿ ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿದ್ದಳು. ಸುತ್ತಪ್ಪ ಅದನ್ನು ಕಂಡ. ಇಷ್ಟು ವರ್ಷ ಇವಳು ಆಸೆಯನ್ನು ಪೆಟ್ಟಿಗೆಯೊಳಗೆ ಹಾಕಿ ಅಟ್ಟಕ್ಕೇರಿಸಿದ್ದಾಳೆ, ತಾನು ಊರಿನವರ ಮಿಕ್ಸಿಗಳನ್ನೆಲ್ಲ ಮಾತಾಡಿಸಿಕೊಂಡು ಕೂತಿದ್ದೇನೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಅವಳು ಬೀದಿಯ ತಿರುವು ದಾಟುವ ಮುಂಚೆ ಏಣಿ ಅಟ್ಟಕ್ಕೆ ಒರಗಿತ್ತು.

ಪೆಟ್ಟಿಗೆಯ ಬೀಗ ತೆಗೆದು ಗಿಟಾರನ್ನು ಅಂಗಡಿಗೆ ಒಯ್ದು, ಅಲ್ಲಿ ರಿಪೇರಿಗೆಂದು ಬಂದಿದ್ದ ಒಂದು ಆಂಪ್ಲಿಫೈಯರಿಗೆ ಸಿಕ್ಕಿಸಿದ. ತಂತಿಗಳ ತುಕ್ಕನ್ನು ಮೊದಲೇ ಉಜ್ಜಿ ತೆಗೆದಿದ್ದ. ಮೀಟಿದರೆ ದನಿ ಸರಾಗವಾಗಿ ಬಂತು. ಟಣ್ ಎಂದಿತು, ನಿಂತಿತು, ಅಷ್ಟೇ. ಸುತ್ತಪ್ಪನ ಮುಖ ಇಳಿದುಹೋಯಿತು. ಇದು ಅವಳ ಗಿಟಾರಿನ ದನಿಯೇ ಅಲ್ಲ.

ಅವಳ ಗಿಟಾರಿನ ದನಿ ಹೇಗಿತ್ತು ಎನ್ನುವುದಕ್ಕೆ ಅವನ ಹತ್ತಿರ ಸಾಕ್ಷಿ ಇತ್ತು. ಆ ಸಂಜೆ ಯಾರೋ ಕಾರ್ಯಕ್ರಮವನ್ನು ಕ್ಯಾಸೆಟ್ಟಿಗೆ ಹಿಡಿದಿದ್ದರು, ಅದನ್ನು ಇವನು ಕಾಡಿ ಬೇಡಿ ಪಡೆದುಕೊಂಡಿದ್ದ. ಅದರಲ್ಲಿ ಪ್ರತಿ ಸ್ವರದ ಅಡಿಯಲ್ಲೂ ಮೆತ್ತಗೆ ಒಂದು ಗುಂಯ್ ಎನ್ನುವ ನಾದ. ನಿದ್ದೆ ಬರಿಸುವ ಅಮ್ಮ ಬಾಯಿ ಮುಚ್ಚಿಕೊಂಡೇ ಗುನುಗಿದ ಹಾಗೆ. ಭಾನುವಾರ ಮಧ್ಯಾಹ್ನ ಅವನು ಕ್ಯಾಸೆಟ್ ಹಾಕಿದರೆ ಹೆಂಡತಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ನಾಚಿಕೆ, ಎಂದುಕೊಂಡು ಇವನು ಇನ್ನಷ್ಟು ಮನಸ್ಸು ಸೋಲುತ್ತಿದ್ದ.

ಆ ಗುಂಯ್ ಈಗ ಇಲ್ಲ. ಗಿಟಾರನ್ನು ಬಿಚ್ಚಿ ನೋಡಿದ. ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಭಾಗವೊಂದಿದೆ, ಪಿಕಪ್ ಎನ್ನುತ್ತಾರೆ. ಅದರಲ್ಲಿ ಇರುವುದು ಆರು ಅಯಸ್ಕಾಂತದ ಕಡ್ಡಿ, ಅವುಗಳ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ. ಸುತ್ತಪ್ಪನಿಗೆ ನಗು ಬಂತು. ತಿರುಗದೇ ಇರುವ ಮೋಟರು, ಇಷ್ಟಕ್ಕೇ ಇಷ್ಟು ದಿನ ಹೆದರಿದೆನೇ ಎಂದುಕೊಂಡ. ಅಯಸ್ಕಾಂತ ಹಳೆಯದಾಗಿ ಸುಸ್ತಾಗಿದೆ ಎಂದು ತೀರ್ಮಾನ ಮಾಡಿ ಸಂಗೀತದ ಅಂಗಡಿಗೆ ಹೊರಟ.

ಅಂಗಡಿಯವನು ಜುಟ್ಟು ಕಟ್ಟಿದ್ದ. ಗಾಜಿನ ಪೆಟ್ಟಿಗೆಯಿಂದ ಪಿಕಪ್ಪುಗಳನ್ನು ಒಡವೆಯ ಹಾಗೆ ಒಂದೊಂದಾಗಿ ತೆಗೆದಿಟ್ಟ. ಇದರ ದನಿ ಗಾಜು, ಇದರದ್ದು ಮರ, ಇದು ಗಟ್ಟಿ ಅಯಸ್ಕಾಂತ ಚುರುಕಾಗಿ ಮಾತಾಡುತ್ತದೆ, ಇದು ಮೆದು ಅಯಸ್ಕಾಂತ ಯೋಚನೆ ಮಾಡಿ ಮಾತಾಡುತ್ತದೆ ಎಂದು ವಿವರಿಸಿದ. ಕೊನೆಗೆ ಎರಡು ಸುರುಳಿ ಜೋಡಿಸಿದ ಒಂದನ್ನು ಎತ್ತಿ ಹಿಡಿದು, ಇದು ಏನು ಮಾಡಿದರೂ ಗುಂಯ್ ಅನ್ನುವುದಿಲ್ಲ ಎಂದು ಹೆಮ್ಮೆಪಟ್ಟ.

“ನನಗೆ ಗುಂಯ್ ಅನ್ನೋದೇ ಬೇಕಾಗಿತ್ತು,” ಎಂದ ಸುತ್ತಪ್ಪ.

ಜುಟ್ಟಿನವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹದಿನೈದು ವರ್ಷದ ವ್ಯಾಪಾರದಲ್ಲಿ ಗುಂಯ್ ಬೇಕು ಎಂದು ಕೇಳಿಕೊಂಡು ಬಂದವನು ಇವನೊಬ್ಬನೇ. ಒಂದೋ ಇವನಿಗೆ ಏನೂ ಗೊತ್ತಿಲ್ಲ, ಇಲ್ಲವೇ ಬೇರೆ ಯಾರಿಗೂ ಗೊತ್ತಿಲ್ಲದ್ದು ಗೊತ್ತಿದೆ ಎಂದುಕೊಂಡು, ಹಳೇ ಕಾಲದ ದನಿಯ ಎರಡು ಪಿಕಪ್ಪುಗಳನ್ನು ನೋಡಿ ವಾಪಸು ಕೊಡಿ ಎಂದು ಕೈಗಿಟ್ಟ.

ಅಂಗಡಿಗೆ ಮರಳುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಪಕ್ಕದ ಸಲೂನಿನವನು ಕತ್ತರಿ ಹಿಡಿದೇ ಬಂದು ನಿಂತಿದ್ದ, ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ. ಎದುರು ಮನೆಯ ರೇಡಿಯೋ ತಾತನೂ ಬಂದಿದ್ದರು. ಇವರು ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು, ಈಗ ಬೇರೆಯವರು ರಿಪೇರಿ ಮಾಡುವುದನ್ನು ರಿಪೇರಿ ಮಾಡುತ್ತಾರೆ. ಕ್ಯಾಸೆಟ್ ಹಾಕಿ ಕೇಳಿಸಿದ ಮೇಲೆ ಎಲ್ಲರೂ ತಲೆದೂಗಿದರು. ನಮ್ಮ ಅಕ್ಕ ಇಷ್ಟು ಚೆನ್ನಾಗಿ ನುಡಿಸ್ತಿದ್ರಾ ಎಂದು ಸಲೂನಿನವನು ಕಣ್ಣು ಒರೆಸಿಕೊಂಡ. ಅಲ್ಲಿಂದ ಮುಂದೆ ಅದು ಸುತ್ತಪ್ಪನೊಬ್ಬನ ಕೆಲಸವಾಗಿ ಉಳಿಯಲಿಲ್ಲ.

ಮೊದಲನೆಯ ಪಿಕಪ್ ಕೂರಿಸಿದರು. ದನಿ ಬಂತು, ಗುಂಯ್ ಬರಲಿಲ್ಲ. ಎರಡನೆಯದು ಕೂರಿಸಿದರು. ಇನ್ನೂ ಚೆನ್ನಾದ ದನಿ ಬಂತು, ಅದಕ್ಕೇ ಸುತ್ತಪ್ಪನಿಗೆ ಇನ್ನೂ ಬೇಜಾರಾಯಿತು. ತಾತ ಅವನ ಹೆಗಲು ತಟ್ಟಿ, ಜೀವ ಇರುವುದು ಪಿಕಪ್ಪಿನಲ್ಲಲ್ಲ, ಕೆಪಾಸಿಟರಿನಲ್ಲಿ ಎಂದರು. ಮನೆಗೆ ಹೋಗಿ ತಮ್ಮ ಮೊದಲ ರೇಡಿಯೋದಿಂದ ಕಿತ್ತಿಟ್ಟುಕೊಂಡಿದ್ದ ಮೇಣದ ಕೆಪಾಸಿಟರನ್ನು ತಂದರು. ಅದನ್ನು ಬೆಸೆದು ಮೀಟಿದರೆ ಗಿಟಾರು ಕಂಬಳಿ ಹೊದ್ದುಕೊಂಡು ಕೆಮ್ಮಿದ ಹಾಗೆ ಕೇಳಿಸಿತು. ತಾತನಿಗೆ ಬೇಸರವಾಗಬಾರದೆಂದು ಸುತ್ತಪ್ಪ ಅದನ್ನು ತೆಗೆದುಹಾಕಲು ಕಾಲು ಗಂಟೆ ಸುತ್ತಿ ಬಳಸಿ ಮಾತಾಡಬೇಕಾಯಿತು.

ಕೊನೆಗೆ, ನಾನೇ ಸುತ್ತುತ್ತೇನೆ ಎಂದ. ಮೋಟರ್ ಸುತ್ತುವವರಿಗೆ ಒಂದು ಕ್ರಮವಿದೆ. ಹಳೇ ಸುರುಳಿಯನ್ನು ಬಿಚ್ಚಿ, ಎಷ್ಟು ಸುತ್ತಿದೆ ಎಂದು ಎಣಿಸಿಕೊಂಡು, ಅಷ್ಟೇ ಸುತ್ತು ಹೊಸದನ್ನು ಸುತ್ತುವುದು. ಮೂವತ್ತು ವರ್ಷದ ಅಭ್ಯಾಸಬಲದಿಂದ ಅವನು ಗಿಟಾರಿನ ಮೂಲ ಪಿಕಪ್ಪನ್ನು ಬಿಚ್ಚಲು ಕೂತುಬಿಟ್ಟ. ಮುನ್ನೂರನೆಯ ಸುತ್ತಿಗೆ ತಂತಿ ತುಂಡಾಯಿತು. ತುದಿ ಹುಡುಕಲು ಹೋಗಿ ಇನ್ನೆರಡು ಕಡೆ ತುಂಡಾಯಿತು. ಹತ್ತು ನಿಮಿಷದಲ್ಲಿ ಅಂಗೈಯಲ್ಲಿ ತಾಮ್ರದ ಗುಬ್ಬಿಗೂಡು ಉಳಿಯಿತು.

ಇಪ್ಪತ್ತಾರು ವರ್ಷ ಜೋಪಾನವಾಗಿ ಇಟ್ಟಿದ್ದ ಅವಳ ವಸ್ತುವನ್ನು ಬೆಳಗಿನಿಂದ ಮಧ್ಯಾಹ್ನದೊಳಗೆ ಹಾಳು ಮಾಡಿದೆನಲ್ಲ ಎಂದು ಸುತ್ತಪ್ಪ ಆ ಗೂಡನ್ನು ಕಾಗದದಲ್ಲಿ ಮಡಿಸಿಟ್ಟ. ಇನ್ನು ಸುತ್ತದೆ ಬೇರೆ ದಾರಿಯೇ ಇರಲಿಲ್ಲ.

ಎಂಟು ಸಾವಿರ ಸುತ್ತು ಎಂದು ತಾತ ಅಂದಾಜು ಹೇಳಿದರು. ಸುತ್ತುವ ಯಂತ್ರದ ಲೆಕ್ಕದ ಮೀಟರು ಹೋದ ವರ್ಷವೇ ಕೆಟ್ಟಿತ್ತು, ಊರಿನವರದ್ದೆಲ್ಲ ರಿಪೇರಿ ಮಾಡುವ ಗಡಿಬಿಡಿಯಲ್ಲಿ ಅದಕ್ಕೆ ಸರದಿ ಬಂದಿರಲಿಲ್ಲ. ಬಾಯಲ್ಲೇ ಎಣಿಸಬೇಕು. ಉಸಿರು ಬಿಗಿಹಿಡಿದು ಶುರು ಮಾಡಿದ. ಎರಡು ಸಾವಿರದ ನೂರು ದಾಟಿದ್ದೇ ಹೆಂಡತಿಯ ಫೋನು ಬಂತು. ಸಲೂನಿನವನು ಅದನ್ನು ಅವನ ಕಿವಿಗೆ ಹಿಡಿದ. ಊಟ ಆಯಿತೇ ಎಂದು ಅವಳು ಕೇಳಿದಳು.

“ಎರಡು ಸಾವಿರದ ನೂರ ಹನ್ನೊಂದು,” ಎಂದ ಸುತ್ತಪ್ಪ.

“ರೀ, ಬಿಸಿಲಲ್ಲಿ ಓಡಾಡಿದ್ರಾ?”

“ಎರಡು ಸಾವಿರದ ನೂರ ಹನ್ನೆರಡು.”

ನೀರು ಕುಡಿದು ಸ್ವಲ್ಪ ಮಲಗಿ, ನಾನು ಆಸ್ಪತ್ರೆಯಿಂದ ನೇರ ಸಭಾಭವನದ ಹಾಲಿಗೆ ಹೋಗ್ತೀನಿ, ನೀವು ಬರದಿದ್ದರೂ ಪರವಾಗಿಲ್ಲ ಎಂದು ಅವಳು ಮೆತ್ತಗೆ ಹೇಳಿ ಫೋನಿಟ್ಟಳು. ಅದನ್ನು ಕೇಳಿ ಸುತ್ತಪ್ಪನ ಎಣಿಕೆ ತಪ್ಪುವ ಹಾಗಾಯಿತು. ಎಣಿಕೆಯನ್ನು ಸಲೂನಿನವನಿಗೆ ವಹಿಸಿದ. ಅವನು ನೂರಕ್ಕೊಂದರಂತೆ ಬಾಚಣಿಗೆಯ ಹಲ್ಲು ಹಿಡಿದುಕೊಂಡು ಹೊರಟ. ನಡುವೆ ಗಿರಾಕಿ ಇನ್ನರ್ಧ ಗಡ್ಡದ ಗತಿ ಏನು ಎಂದು ಕೇಳಿದ, ಇವನು ಅದಕ್ಕೆ ಉತ್ತರ ಕೊಟ್ಟ. ಮುಗಿಯಿತೇ ಎಂದು ಸುತ್ತಪ್ಪ ಕೇಳಿದಾಗ, ಏಳು ಸಾವಿರಕ್ಕೂ ಒಂಬತ್ತು ಸಾವಿರಕ್ಕೂ ಮಧ್ಯೆ ಎಲ್ಲೋ ಇದ್ದೀವಿ ಎಂದ.

ಸುತ್ತಪ್ಪ ಅಷ್ಟಕ್ಕೇ ನಿಲ್ಲಿಸಿದ. ತುದಿಗಳನ್ನು ಬೆಸೆದು, ವಾರ್ನಿಷ್ ಬಳಿದು, ಕೊನೆಗೆ ಎಲ್ಲ ಕೆಲಸಕ್ಕೂ ಮಾಡುವ ಹಾಗೆ ಸಣ್ಣ ಕುಂಚದಿಂದ ಕೆಂಪು ಬಣ್ಣದ ಒಂದು ಸುರುಳಿಯ ಗುರುತು ಹಾಕಿದ. ಅಂಗಡಿಯ ಬೋರ್ಡಿನ ಮೇಲೂ ಅದೇ ಸುರುಳಿ, ಬೀದಿಯ ಎಲ್ಲ ಮಿಕ್ಸಿಗಳ ಹೊಟ್ಟೆಯಲ್ಲೂ ಅದೇ ಸುರುಳಿ. ಐದು ಗಂಟೆಯಾಗಿತ್ತು. ಅಷ್ಟು ಜನ ತುಂಬಿದ್ದ ಅಂಗಡಿಯಲ್ಲಿ ಸೆಕೆ ತಡೆಯಲಾರದೆ ಸಲೂನಿನವನು ರಿಪೇರಿಯಾಗಿದ್ದ ಟೇಬಲ್ ಫ್ಯಾನೊಂದನ್ನು ಬೆಂಚಿನ ಮೇಲಿಟ್ಟು ಸ್ವಿಚ್ ಹಾಕಿ ತನ್ನ ಕಡೆ ತಿರುಗಿಸಿಕೊಂಡ. ಸುತ್ತಪ್ಪ ಕಣ್ಣು ಮುಚ್ಚಿ ತಂತಿ ಮೀಟಿದ.

ಗುಂಯ್.

ಅದೇ ದನಿ. ಬೆಚ್ಚಗೆ, ಮೆತ್ತಗೆ, ಸ್ವರದ ಅಡಿಯಲ್ಲಿ ಗುನುಗು. ಕ್ಯಾಸೆಟ್ಟಿನ ಜೊತೆ ಹೋಲಿಸಿ ನೋಡಿದರೆ ಕೂದಲೆಳೆಯ ವ್ಯತ್ಯಾಸವಿಲ್ಲ. ತಾತ ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟರು. ಅರ್ಧ ಗಡ್ಡದ ಗಿರಾಕಿ ಚಪ್ಪಾಳೆ ತಟ್ಟಿದ. ಸುತ್ತಪ್ಪ ಗಿಟಾರನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಸಲೂನಿನವನ ಸ್ಕೂಟರಿನ ಹಿಂದೆ ಕೂತ.

ಹಾಲಿನಲ್ಲಿ ಹೆಂಡತಿ ಹಿಂದಿನ ಕುರ್ಚಿಯೊಂದರಲ್ಲಿ ಆಸ್ಪತ್ರೆಯ ಬಿಳಿ ಕೋಟಿನಲ್ಲೇ ಕೂತಿದ್ದಳು. ಗಿಟಾರು ನೋಡಿ ಎದ್ದು ನಿಂತಳು. ಸುತ್ತಪ್ಪ ಅಂದು ಬೆಳಗಿನಿಂದ ಮೊದಲ ಸಲ ನೇರವಾಗಿ ಮಾತಾಡಿದ.

“ಮೊದಲಿನ ಹಾಗೆ ಮಾಡಿದ್ದೀನಿ. ನುಡಿಸು.”

“ನಿಜವಾಗ್ಲೂ ಮೊದಲಿನ ಹಾಗೆ?”

“ನಿನ್ನಾಣೆ.”

ಅವಳು ಗಿಟಾರನ್ನು ತಿರುಗಿಸಿ ನೋಡಿದಳು. ಪಿಕಪ್ಪಿನ ಅಂಚಿನಲ್ಲಿದ್ದ ಕೆಂಪು ಸುರುಳಿಯನ್ನು ಬೆರಳಿನಿಂದ ಸವರಿ ನಕ್ಕಳು. ವಾರ್ನಿಷ್ ಅಂಟಿದ ಅವನ ಕೈಯನ್ನು ಅಷ್ಟು ಜನರ ಮುಂದೆ ಹಿಡಿದುಕೊಂಡಳು. ಮದುವೆಯಾದ ಮೇಲೆ ಅವಳು ಹೊರಗೆಲ್ಲೂ ಹಾಗೆ ಕೈ ಹಿಡಿದದ್ದು ಅವನಿಗೆ ನೆನಪಿರಲಿಲ್ಲ. ಕಾರ್ಯದರ್ಶಿ ಓಡಿಹೋಗಿ ಅವಳ ಹೆಸರನ್ನು ಪಟ್ಟಿಗೆ ಸೇರಿಸಿದರು.

ಸುತ್ತಪ್ಪ ಈ ಸಲ ನಿಜವಾಗಿಯೇ ಮೂರನೇ ಸಾಲಿನಲ್ಲಿ ಕೂತ. ಅವಳು ವೇದಿಕೆಯ ನಡುವೆ ನಿಂತು ಮೊದಲ ಸ್ವರ ಮೀಟಿದಳು. ಗುಂಯ್ ಎಂದಿತು. ಸುತ್ತಪ್ಪ ಕಣ್ಣು ಮುಚ್ಚಿಕೊಂಡ. ಇಪ್ಪತ್ತಾರು ವರ್ಷ ಹಿಂದಕ್ಕೆ ಹೋದ.

ಎರಡನೆಯ ಸ್ವರ ಬರಲಿಲ್ಲ. ಕಣ್ಣು ಬಿಟ್ಟರೆ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ಇದೇ, ಇದೇ ದನಿ ಎಂದು ಅವಳು ತನಗೆ ತಾನೇ ಹೇಳಿಕೊಂಡದ್ದು ಮೈಕಿನಲ್ಲಿ ಕೇಳಿಸಿತು. ಗಿಟಾರನ್ನು ಇಳಿಸಿಬಿಡುತ್ತಾಳೇನೋ ಎನ್ನುವ ಹಾಗಿತ್ತು. ಆದರೆ ಅವಳು ಈಗ ನಂಬರು ನೋಡುವವಳು. ಎಡಕ್ಕೆ ಎರಡು ಹೆಜ್ಜೆ ಇಟ್ಟಳು, ಗುಂಯ್ ಕಡಿಮೆಯಾಯಿತು. ಬಲಕ್ಕೆ ಬಂದಳು, ಹೆಚ್ಚಾಯಿತು. ಒಂದು ಕಣ್ಣು ಮುಚ್ಚಿ ಮೇಲೆ ನೋಡಿದಳು. ನೆತ್ತಿಯ ಮೇಲೆ ವೇದಿಕೆಯ ಫ್ಯಾನು ತಿರುಗುತ್ತಿತ್ತು.

“ಆ ಫ್ಯಾನ್ ಸ್ವಲ್ಪ ಆಫ್ ಮಾಡಿ,” ಎಂದಳು.

ಫ್ಯಾನು ನಿಂತಿತು. ಗುಂಯ್ ಎನ್ನುವುದು ಪೂರ್ತಿ ಹೋಯಿತು. ಅವಳು ಮತ್ತೆ ಮೀಟಿದಳು, ದನಿ ತೊಳೆದಿಟ್ಟ ಗಾಜಿನ ಹಾಗೆ ಬಂತು.

“ಆವತ್ತೂ ಇಲ್ಲೇ ಹೀಗೇ ಆಗಿತ್ತು,” ಎಂದಳು ಮೈಕಿನಲ್ಲಿ. “ಗಿಟಾರೋ ಜೇನುಗೂಡೋ ಅಂತ ಜನ ನಕ್ಕಿದ್ರು. ಗಿಟಾರ್ ಕೆಟ್ಟಿದೆ, ನನ್ನ ಕೈಯೂ ಕೆಟ್ಟಿದೆ ಅಂದ್ಕೊಂಡೇ ಇಷ್ಟು ವರ್ಷ ಮುಟ್ಟಲಿಲ್ಲ. ಕೆಟ್ಟಿದ್ದು ಫ್ಯಾನ್.”

ಆಮೇಲೆ ಅವಳು ನುಡಿಸಿದಳು. ಐದು ನಿಮಿಷ ಎಂದದ್ದು ಹದಿನೈದಾಯಿತು, ಯಾರೂ ಏಳಲಿಲ್ಲ. ಅವಳ ಕೈಯಲ್ಲಿ ಇಂಥದ್ದೊಂದು ಇತ್ತೆಂದು ಸುತ್ತಪ್ಪನಿಗೆ ಗೊತ್ತೇ ಇರಲಿಲ್ಲ. ಅವಳು ಹೇಳಿದ ‘ಮೊದಲು’ ಆ ಸಂಜೆಗಿಂತ ಮೊದಲು, ತನ್ನ ‘ಮೊದಲು’ ಆ ಸಂಜೆಯಿಂದಲೇ ಮೊದಲು ಎನ್ನುವುದು ಅವನಿಗೆ ಈಗ ಹೊಳೆಯಿತು. ಅಂಗಡಿಯಲ್ಲಿ ಗುಂಯ್ ತಂದದ್ದೂ ತಾನು ಸುತ್ತಿದ ಪಿಕಪ್ಪಲ್ಲ, ಬೆಂಚಿನ ಮೇಲಿದ್ದ ಟೇಬಲ್ ಫ್ಯಾನು. ಅವನ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಅರ್ಧ ಸಂತೋಷಕ್ಕೆ, ಇನ್ನರ್ಧ ಬೇರೆ ಕಾರಣಕ್ಕೆ. ಆ ಫ್ಯಾನನ್ನು ಅವನು ಬಲ್ಲ.

ಚಪ್ಪಾಳೆ ನಿಂತ ಮೇಲೆ ಹಾಲಿನ ಕಾವಲುಗಾರ ಏಣಿ ಹಾಕಿ ಹತ್ತಿದ. ಇದು ಆವತ್ತು ರಿಪೇರಿಯಾಗಿ ಬಂದಾಗಿನಿಂದ ಹೀಗೇ ಗುಂಯ್ ಅನ್ನುತ್ತೆ, ಗಾಳಿ ಬರುತ್ತಲ್ಲ ಅಂತ ಬಿಟ್ಟಿದ್ವಿ ಎಂದ. ಯಾವ ಪುಣ್ಯಾತ್ಮ ಮಾಡಿದ್ದು ನೋಡೋಣ ಎಂದು ಮೋಟರಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಕೆಂಪು ಬಣ್ಣದ ಒಂದು ಸುರುಳಿ ಕಾಣಿಸಿಕೊಂಡಿತು.

ಹೆಂಡತಿ ಸುರುಳಿಯನ್ನು ನೋಡಿದಳು. ಗಿಟಾರಿನ ಮೇಲಿದ್ದ ಸುರುಳಿಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

“ಮೂರನೇ ಸಾಲಲ್ಲಿ ಕೂತಿದ್ದೆ ಅಂದಿದ್ರಿ.”

ಸುತ್ತಪ್ಪ ಹವೆಯ ವಿಷಯ ಎತ್ತಿದ. ಅಂಗಡಿ ಹೊಸದಾಗಿ ತೆರೆದಿದ್ದ ಕಾಲದ ಕಷ್ಟಗಳನ್ನು ಹೇಳಿದ. ಹಾಲಿನ ಎಂಟು ಫ್ಯಾನುಗಳೇ ತನ್ನ ಮೊದಲ ದೊಡ್ಡ ಕೆಲಸ, ಏಳನ್ನು ಮುಗಿಸಿ ಎಂಟನೆಯದನ್ನು ಹಿಂದೆ ಬಾಗಿಲ ಹತ್ತಿರ ಕೂರಿಸುತ್ತಿದ್ದಾಗಲೇ ಕಾರ್ಯಕ್ರಮ ಶುರುವಾಗಿಬಿಟ್ಟಿತು, ಇಳಿದರೆ ಸದ್ದಾಗುತ್ತದೆಂದು ಇಳಿಯಲಿಲ್ಲ ಎಂದ. ಎಲ್ಲ ಸುತ್ತೂ ಮುಗಿದ ಮೇಲೆ ತಲೆ ತಗ್ಗಿಸಿದ.

“ಸಾಲಲ್ಲ. ಏಣಿಯ ಮೂರನೇ ಮೆಟ್ಟಿಲು.”

ಅವಳು ನಿಧಾನವಾಗಿ ಹೇಳಿದಳು. “ಆವತ್ತು ಎಲ್ಲರೂ ನಕ್ಕಾಗ ನೀವೊಬ್ರೇ ಬಂದು ದನಿ ತುಂಬಾ ಚೆನ್ನಾಗಿತ್ತು ಅಂದ್ರಿ. ನನಗೆ ನೋವಾಗಬಾರದು ಅಂತ ಸುಳ್ಳು ಹೇಳ್ತಿದ್ದಾರೆ, ಎಷ್ಟು ಒಳ್ಳೇ ಮನುಷ್ಯ ಅಂದ್ಕೊಂಡೆ. ಅದಕ್ಕೇ ಒಪ್ಪಿದ್ದು.”

“ಸುಳ್ಳಲ್ಲ, ದೇವರಾಣೆಗೂ ಚೆನ್ನಾಗಿತ್ತು.”

“ಅಂದ್ರೆ ನೀವು ಮೆಚ್ಚಿಕೊಂಡಿದ್ದು ನಿಮ್ಮ ಫ್ಯಾನನ್ನ.”

ಸುತ್ತಪ್ಪ ಮತ್ತೆ ಹವೆಯ ವಿಷಯ ಎತ್ತಲು ಹೊರಟ. ಅವಳ ತುಟಿಯ ಅಂಚು ಮೊದಲು ಅದುರಿತು, ಆಮೇಲೆ ನಗು ಬಂತು, ನಗು ಬಂದು ನಿಲ್ಲಲೇ ಇಲ್ಲ. ಬಿಳಿ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, ಅದೇ ತೋಳಿನಿಂದ ಅವನ ಕಣ್ಣನ್ನೂ ಒರೆಸಿ, ಏಣಿಯ ಕಡೆ ಕೈ ತೋರಿಸಿದಳು.

“ಹತ್ತಿ.”

ಅವನು ಹತ್ತಿದ. ಸೆಕೆಗೆ ಜನ ಕಾರ್ಯಕ್ರಮದ ಪಟ್ಟಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಕೆಳಗೆ ಅವಳು, ಜನ ಕೇಳಿಕೊಂಡರೆಂದು ಇನ್ನೊಂದು ಹಾಡನ್ನು ಶುರು ಮಾಡಿದ್ದಳು. ಸುತ್ತಪ್ಪ ಮೂರನೇ ಮೆಟ್ಟಿಲಿಗೆ ಬಂದವನು ಅಲ್ಲಿಯೇ ನಿಂತು, ತಿರುಪುಳಿಯನ್ನು ಬಾಯಲ್ಲಿ ಕಚ್ಚಿಕೊಂಡು, ಹಾಡು ಮುಗಿಯುವವರೆಗೆ ಕೇಳಿದ. ಸದ್ದಾಗುತ್ತದೆಂದು ಕದಲಲಿಲ್ಲ.

ಅಷ್ಟರಲ್ಲಿ ಕಾವಲುಗಾರ ಉಳಿದ ಏಳು ಫ್ಯಾನುಗಳ ಧೂಳನ್ನೂ ಒರೆಸಿ ಬಂದಿದ್ದ. ಏಳರಲ್ಲೂ ಸುರುಳಿ ಇತ್ತು. ಎಂಟನ್ನೂ ಬಿಚ್ಚಿ ಸುತ್ತಿಕೊಡಬೇಕಾಗುತ್ತದೆ, ಅದೂ ಪುಕ್ಕಟೆಯಾಗಿ ಎಂದು ಕಾರ್ಯದರ್ಶಿ ಏಣಿಯ ಬುಡದಲ್ಲಿ ನಿಂತು ವಿನಯದಿಂದ ಹೇಳಿದರು.

ಸುತ್ತಪ್ಪ ಬಾಯಿಂದ ತಿರುಪುಳಿ ತೆಗೆದು ಧೈರ್ಯ ಹೇಳಿದ. “ಚಿಂತೆ ಮಾಡಬೇಡಿ ಸಾರ್. ಎಲ್ಲಾ ಮೊದಲಿನ ಹಾಗೆ ಮಾಡಿಕೊಡ್ತೀನಿ.”

“ಬೇಡ,” ಎಂದರು ಕಾರ್ಯದರ್ಶಿಯೂ ಹೆಂಡತಿಯೂ ಒಟ್ಟಿಗೇ.